ಊಟದ ಮೇಜಿನ ಮೇಲಿನ ಮತಗಟ್ಟೆ

ನಾನು ನಿವೃತ್ತಳಾದ ಬನಶಂಕರಿಯ ಪ್ರೌಢಶಾಲೆಗೆ ಹೊಸದಾಗಿ ಬಂದಿರುವ ಕಾವ್ಯ ಎಂಬ ಶಿಕ್ಷಕಿ ಮೊನ್ನೆ ಬೆಳಿಗ್ಗೆ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ನಾನು ವಾಕಿಂಗ್ ಮುಗಿಸಿ, ಪತ್ರಿಕೆ ಓದಿ, ಹುರುಳಿಕಾಯಿ ಹೆಚ್ಚಲು ಕುಳಿತಿದ್ದೆ.

"ಮೇಡಂ, ಎಲೆಕ್ಷನ್ ಡ್ಯೂಟಿ ಆರ್ಡರ್ ಬಂದ್ಬಿಟ್ಟಿದೆ. ಕ್ಯಾನ್ಸಲ್ ಮಾಡ್ಸೋಕೆ ಯಾರನ್ನ ಹಿಡೀಬೇಕು?"

"ಹುಷಾರಿಲ್ವಾ ನಿಂಗೆ?"

"ಚೆನ್ನಾಗೇ ಇದೀನಿ ಮೇಡಂ."

"ಮನೇಲಿ ಏನಾದ್ರೂ ತೊಂದರೆ?"

"ಏನಿಲ್ಲ."

"ಮತ್ಯಾಕೆ ಕ್ಯಾನ್ಸಲ್ಲು?"

"ಭಯ ಮೇಡಂ. ಮೊಬೈಲಲ್ಲಿ ಏನೇನೋ ವಿಡಿಯೋ ಬರುತ್ತೆ. ಮಿಷನ್ ಕೆಟ್ಟೋಯ್ತಂತೆ, ಬೂತಲ್ಲಿ ಗಲಾಟೆಯಂತೆ, ಆಫೀಸರ್ ಸಸ್ಪೆಂಡಂತೆ..."

ಚಾಪೆ, ಚೊಂಬು, ಸೇಫ್ಟಿಪಿನ್ನು, ಟಾರ್ಚು ತೆಗೆದುಕೊಂಡು ಹೋಗು ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಅಷ್ಟು ಹೇಳಿದರೆ ಸಾಲದು ಅನ್ನಿಸಿತು. ಉದ್ಯೋಗ ಅಂತ ಮಾಡಿದ್ದು ಗಣಿತದ ಪಾಠ. ಆದರೆ ಬೆರಗಾಗಿ ನಿಂತ ಸಂದರ್ಭಗಳನ್ನು ಎಣಿಸಿದರೆ ಅವುಗಳಲ್ಲಿ ಹೆಚ್ಚಿನವು ತರಗತಿಯಲ್ಲಿ ನಡೆದವಲ್ಲ. ಐದು ವರ್ಷಕ್ಕೊಮ್ಮೆಯೋ, ನಡುವೆ ಸರ್ಕಾರ ಬಿದ್ದಾಗಲೋ ಬರುತ್ತಿದ್ದ ಆ ಚುನಾವಣಾ ಕರ್ತವ್ಯದಲ್ಲಿ ನಡೆದವು. ಕಾವ್ಯ ಮತ್ತು ಅವಳ ವಯಸ್ಸಿನವರು ಅದನ್ನು ಶಿಕ್ಷೆ ಎಂದುಕೊಂಡಿದ್ದಾರೆ. ನಾನೂ ಮೊದಮೊದಲು ಹಾಗೆಯೇ ಅಂದುಕೊಂಡಿದ್ದೆ.

ನನ್ನ ಮೊದಲ ಡ್ಯೂಟಿ ಬಿದ್ದದ್ದು ಕೋಣನಕುಂಟೆಯಿಂದ ಇನ್ನೂ ಒಳಗೆ, ಹೊಲಗಳ ನಡುವಿನ ಒಂದು ಶಾಲೆಯಲ್ಲಿ. ಇವತ್ತು ಅಲ್ಲಿ ಮೆಟ್ರೋ ರೈಲು ತಲೆಯ ಮೇಲೆ ಹಾದುಹೋಗುತ್ತದೆ. ಆಗ ನಮ್ಮನ್ನು ತಗಡಿನ ಮತಪೆಟ್ಟಿಗೆಗಳ ಜೊತೆಗೆ ಲಾರಿಯಲ್ಲಿ ಕೂರಿಸಿ ಕರೆದುಕೊಂಡು ಹೋಗಿ, ಹೊಂಗೆಮರದ ಬುಡದಲ್ಲಿ ಇಳಿಸಿದ್ದರು. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಗಂಗಾಧರಯ್ಯ ಎಂಬುವರು, ಯಾವುದೋ ಕಚೇರಿಯ ಸೂಪರಿಂಟೆಂಡೆಂಟ್. ಕೈಯಲ್ಲಿ ಕೊಡೆ, ಬಾಯಲ್ಲಿ ಲವಂಗ. ನಾನು ಹೆಂಗಸರ ಸಾಲಿನಲ್ಲಿ ಬೆರಳಿಗೆ ಶಾಯಿ ಹಚ್ಚುವವಳು.

ಬಂದ ತಕ್ಷಣ ಗಂಗಾಧರಯ್ಯನವರು ಮಾಡಿದ ಕೆಲಸ ನನಗೆ ವಿಚಿತ್ರವಾಗಿ ಕಂಡಿತು. ಮತ ಹಾಕುವ ಮೂಲೆಗೆ ಮರೆ ಕಟ್ಟಿಸಿದರು. ತಾವೇ ಆ ಮರೆಯ ಹಿಂದೆ ಹೋಗಿ ಬಗ್ಗಿ ನಿಂತರು. ನಮ್ಮನ್ನು ಕೋಣೆಯ ಎಲ್ಲ ಕಡೆ, ಬಾಗಿಲ ಹತ್ತಿರ, ಕಿಟಕಿಯ ಹೊರಗೆ, ಬೆಂಚಿನ ಮೇಲೆ ಸಹ ನಿಲ್ಲಿಸಿ ಕೂಗಿ ಕೇಳಿದರು.

"ಕಾಣ್ತೀನಾ?"

"ತಲೆ ಕಾಣುತ್ತೆ ಸಾರ್."

"ತಲೆ ಕಾಣಲಿ ಬಿಡಿ, ತಲೇಲಿ ಏನಿದೆ ಅಂತ ಕಾಣಲ್ಲ. ಕೈ ಕಾಣುತ್ತಾ?"

"ಕಿಟಕಿಯಿಂದ ಸ್ವಲ್ಪ ಕಾಣುತ್ತೆ ಸಾರ್."

ಮೂಲೆಯನ್ನೇ ಬದಲಾಯಿಸಿದರು. ಎಲ್ಲಿ ನಿಂತರೂ ಕೈ ಕಾಣದು ಎಂದು ಖಾತ್ರಿಯಾಗುವವರೆಗೂ ನಮಗೆ ಕಾಫಿ ಇಲ್ಲ. ಪಟೇಲರ ಮನೆಯಿಂದ ಉಪ್ಪಿಟ್ಟು ಬಂದಿತ್ತು. ಅದನ್ನೂ ಹಿಂದಕ್ಕೆ ಕಳಿಸಿದರು. ಪಟೇಲರ ಅಳಿಯ ಒಬ್ಬ ಅಭ್ಯರ್ಥಿಯ ಏಜೆಂಟನಾಗಿದ್ದ. ನಾನು ಮನಸ್ಸಿನಲ್ಲೇ ಗೊಣಗಿಕೊಂಡು, ತಂದಿದ್ದ ಅವಲಕ್ಕಿಯನ್ನು ನೆನೆಸಿ ತಿಂದೆ.

ಮಾರನೆಯ ದಿನ ಬಿಸಿಲೇರಿದ ಮೇಲೆ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಮಗು. ಅವಳ ಗಂಡ ಆಗಲೇ ಮತ ಹಾಕಿ, ಬಾಗಿಲ ಹೊರಗೆ ಬೀಡಿ ಹಚ್ಚಿಕೊಂಡು ನಿಂತಿದ್ದ. ನಾನು ಬೆರಳಿಗೆ ಶಾಯಿ ಹಚ್ಚುವಾಗ ಅವಳು ನನ್ನ ಕಿವಿಗೆ ಬಾಯಿ ತಂದು ಕೇಳಿದಳು.

"ಅಕ್ಕೋ, ನಮ್ಮೆಜಮಾನ್ರಿಗೆ ಗೊತ್ತಾಯ್ತದಾ?"

"ಏನು ಗೊತ್ತಾಗೋದು?"

"ನಾನು ಯಾವುದರ ಮ್ಯಾಲೆ ಮುದ್ರೆ ಒತ್ತುದೆ ಅಂತ."

ಗಂಗಾಧರಯ್ಯನವರು ಕೇಳಿಸಿಕೊಂಡುಬಿಟ್ಟಿದ್ದರು. ಕುರ್ಚಿಯಿಂದ ಎದ್ದು ಬಂದರು.

"ನೋಡು ತಾಯಿ, ನಿಮ್ಮೆಜಮಾನ್ರಿಗೆ ಗೊತ್ತಾಗಲ್ಲ. ನಂಗೆ ಗೊತ್ತಾಗಲ್ಲ. ಡೆಲ್ಲೀಲಿ ಕೂತಿರೋ ಪ್ರಧಾನಮಂತ್ರಿ ಬಂದು ಕೇಳಿದ್ರೂ ಗೊತ್ತಾಗಲ್ಲ. ಮಗೂನ ಇವರ ಕೈಗೆ ಕೊಟ್ಟು ಹೋಗು."

ಮಗು ನನ್ನ ತೊಡೆಯ ಮೇಲೆ ಬಂತು. ಅವಳು ಮರೆಯ ಹಿಂದೆ ಹೋದಳು. ಹೋದವಳು ಬೇಗ ಬರಲಿಲ್ಲ. ಹೊರಗಿನಿಂದ ಗಂಡ ಕೆಮ್ಮಿದ. ಅವಳು ಬಂದಳು, ಕಾಗದವನ್ನು ಮಡಿಸಿ ಪೆಟ್ಟಿಗೆಯ ಸೀಳಿಗೆ ಹಾಕಿದಳು, ಮಗುವನ್ನು ಎತ್ತಿಕೊಂಡಳು. ಅವಳ ಮುಖದಲ್ಲಿ ಏನಿತ್ತು ಎಂದು ಹೇಳುವುದು ಕಷ್ಟ. ಖುಷಿ ಅನ್ನುವಂತಿರಲಿಲ್ಲ. ಮನೆಯಲ್ಲಿ ಅವಳದೇ ಆದ ಒಂದು ಪೆಟ್ಟಿಗೆಗೆ ಮೊದಲ ಸಲ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳ ಹಾಗಿದ್ದಳು. ಗಂಡನ ಮುಂದೆ ತಲೆ ತಗ್ಗಿಸಿಕೊಂಡೇ ಹೋದಳು. ಆದರೆ ನಡಿಗೆ ಬೇರೆಯಾಗಿತ್ತು. ಕೈ ಕಾಣುತ್ತಾ ಎಂದು ಹಿಂದಿನ ದಿನ ಆ ಮನುಷ್ಯ ಅಷ್ಟು ಬಡಕೊಂಡದ್ದು ಯಾಕೆಂದು ಆಗ ತಿಳಿಯಿತು. ಅಲ್ಲಿಂದ ಮುಂದೆ ನಾನು ಹೋದ ಎಲ್ಲ ಮತಗಟ್ಟೆಗಳಲ್ಲೂ ಮರೆಯ ಹಿಂದೆ ಬಗ್ಗಿ ನಿಂತು ಅದೇ ಪ್ರಶ್ನೆ ಕೇಳಿದ್ದೇನೆ.

ಆಮೇಲೆ ಯಂತ್ರ ಬಂತು. ತರಬೇತಿಗೆಂದು ಕಾಲೇಜಿನ ಸಭಾಂಗಣದಲ್ಲಿ ನಮ್ಮನ್ನು ಕೂಡಿಸಿ ಆ ಪುಟ್ಟ ಪೆಟ್ಟಿಗೆಯನ್ನು ತೋರಿಸಿದಾಗ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಲಾರಿಯಲ್ಲಿ ಹೊತ್ತ ತಗಡು, ಅರಗು, ದಾರ, ಮೊಹರು ಎಲ್ಲ ಸೇರಿ ಒಂದು ಸೂಟ್‌ಕೇಸಿನೊಳಗೆ ಹೋಗಿತ್ತು. ನೀಲಿ ಗುಂಡಿ ಒತ್ತಿದರೆ ಉದ್ದನೆಯ "ಪೀಂ". ಆ ಸದ್ದಿಗೆ ಜನ ತೋರಿಸಿದ ಮರ್ಯಾದೆಯನ್ನು ನೀವು ನೋಡಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರಿದ್ದರು. ಗುಂಡಿ ಒತ್ತಿ, ಕಣ್ಣಿಗೊತ್ತಿಕೊಂಡವರಿದ್ದರು. ಒಬ್ಬರು ಹಿರಿಯರು ಮಾತ್ರ ಮರೆಯಿಂದ ಈಚೆ ಬಂದವರು ಹೊರಗೆ ಹೋಗಲೇ ಒಲ್ಲರು.

"ನನ್ನ ಓಟು ಎಲ್ಲಿ ಹೋಯ್ತು ತಾಯಿ?"

"ಒಳಗೆ ಹೋಯ್ತು ಯಜಮಾನ್ರೇ."

"ಒಳಗೆ ಅಂದ್ರೆ ಎಲ್ಲಿ? ಮುಂಚೆ ಆದ್ರೆ ಡಬ್ಬದೊಳಗೆ ಬಿದ್ದದ್ದು ಕಾಣ್ತಿತ್ತು."

ನಾನು ಗಣಿತದ ಶಿಕ್ಷಕಿ. ಸೊನ್ನೆ ಒಂದರ ಲೆಕ್ಕ ಮಕ್ಕಳಿಗೆ ಹೇಳಿಕೊಟ್ಟವಳು. ಆದರೂ ಆ ಪ್ರಶ್ನೆಗೆ ಅವರಿಗೆ ಸಮಾಧಾನವಾಗುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಎಷ್ಟೋ ವರ್ಷದ ಮೇಲೆ, ಗಾಜಿನ ಹಿಂದೆ ಚೀಟಿಯೊಂದು ಮೂಡಿ, ಮತದಾರನಿಗೆ ಮುಖ ತೋರಿಸಿ ಬೀಳುವ ಪೆಟ್ಟಿಗೆ ಬಂತು. ದೇಶದಲ್ಲಿ ಅದೇ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದರೋ. ಇಂಥ ಪ್ರಶ್ನೆ ಕೇಳಿದವರನ್ನು ಗದರಿಸಬೇಡ ಎಂದು ಕಾವ್ಯಳಿಗೆ ಹೇಳುತ್ತೇನೆ. ನಮ್ಮ ಪಾರ್ಕಿನ ಬೆಂಚಿನಲ್ಲಿ ಸೋತ ಪಕ್ಷದವರಿಗೆ ಯಂತ್ರದ ಮೇಲೆ ಅನುಮಾನ, ಗೆದ್ದ ಪಕ್ಷದವರಿಗೆ ಭಾರಿ ನಂಬಿಕೆ. ಮುಂದಿನ ಚುನಾವಣೆಯಲ್ಲಿ ಫಲಿತಾಂಶ ತಿರುಗಿದರೆ ಅನುಮಾನ, ನಂಬಿಕೆ ಎರಡೂ ಬೆಂಚು ಬದಲಾಯಿಸುತ್ತವೆ. ಆ ಹಿರಿಯರ ಪ್ರಶ್ನೆ ಅಂಥದಲ್ಲ. ಅವರು ಯಾರು ಗೆಲ್ಲುತ್ತಾರೆಂದು ಕೇಳಲಿಲ್ಲ, ನನ್ನದು ಎಲ್ಲಿದೆ ಎಂದು ಕೇಳಿದರು.

ನನ್ನ ದೊಡ್ಡ ಎಡವಟ್ಟು ನಡೆದದ್ದು ಅಂಜನಾಪುರದಲ್ಲಿ. ಆ ವೇಳೆಗೆ ನಾನೇ ಅಧ್ಯಕ್ಷಾಧಿಕಾರಿ. ಪುಟ್ಟ ಮಕ್ಕಳ ನಲಿಕಲಿ ತರಗತಿಯ ಕೋಣೆ. ಮರೆ ನೋಡಿದೆ, ಕಿಟಕಿ ನೋಡಿದೆ, ವೈರು ನೋಡಿದೆ. ಮತದಾನ ಇನ್ನೇನು ಶುರು ಅನ್ನುವಾಗ ಒಬ್ಬ ಏಜೆಂಟ್ ಎದ್ದು ನಿಂತ.

"ಮೇಡಂ, ಇದ್ಯಾವ ನ್ಯಾಯ? ಛತ್ರಿ ಬಿಚ್ಕೊಂಡು ಗೋಡೆ ಮೇಲೆ ಕೂತಿದೆ!"

ತಿರುಗಿ ನೋಡಿದೆ. ಅಕ್ಷರಮಾಲೆಯ ಚಿತ್ರಪಟ. ಛ ಅಕ್ಷರಕ್ಕೆ ಬಣ್ಣಬಣ್ಣದ ಛತ್ರಿ. ಆ ಸಲ ಒಬ್ಬ ಪಕ್ಷೇತರನ ಚಿಹ್ನೆ ಛತ್ರಿ. ಜೀವನವಿಡೀ ಇಂಥ ಪಟಗಳ ಕೆಳಗೇ ಕೂತ ನಮ್ಮಂಥವರ ಕಣ್ಣಿಗೆ ಅವು ಬೀಳುವುದೇ ಇಲ್ಲ. ಪಟವನ್ನು ಗೋಡೆಗೆ ಅಂಟಿಸಿಬಿಟ್ಟಿದ್ದರು, ಕೀಳಲು ಬರಲಿಲ್ಲ. ಹಳೆಯ ದಿನಪತ್ರಿಕೆ ಮುಚ್ಚಿದೆ. ಇನ್ನೊಬ್ಬ ಏಜೆಂಟ್ ಎದ್ದ.

"ಮೇಡಂ, ಆ ಪೇಪರಲ್ಲಿ ನಮ್ಮ ಆಪೋಸಿಟ್ ಕ್ಯಾಂಡಿಡೇಟು. ಹಲ್ಲು ಕಿರ್ಕೊಂಡು ನಗ್ತಾ ಇದಾನೆ ನೋಡಿ."

ಹಾಳೆ ಮಗುಚಿ ಹಾಕಿದೆ. ಹಿಂದೆ ಮತ್ತೊಂದು ಪಕ್ಷದ ಇಡೀ ಪುಟದ ಜಾಹೀರಾತು. ಕೋಣೆಯ ತುಂಬ ನಗು. ಕೊನೆಗೆ ನನ್ನ ಸ್ನಾನದ ಟವೆಲನ್ನು ಸೇಫ್ಟಿಪಿನ್ನು ಚುಚ್ಚಿ ಇಳಿಬಿಟ್ಟೆ. ಛತ್ರಿಯ ಏಜೆಂಟ್ ಮಾತ್ರ, "ಮೇಡಂ, ಬಿಸಿಲಲ್ಲಿ ನಮ್ಮ ಛತ್ರಿ ಮಡಚಿಸಿಬಿಟ್ರಲ್ಲ," ಎಂದು ಸಂಜೆಯವರೆಗೆ ಹೇಳುತ್ತಲೇ ಇದ್ದ. ಅಷ್ಟು ಹೊಡೆದಾಡುವವರು ಮಧ್ಯಾಹ್ನ ಮೂವರೂ ಒಂದೇ ಪೊಟ್ಟಣದ ಚಿತ್ರಾನ್ನ ಹಂಚಿಕೊಂಡು ತಿಂದರು. ಮೊಬೈಲ್ ಹಿಡಿದು ಕೂತ ರಾಜಕೀಯದಲ್ಲಿ ಇದು ಕಾಣುವುದಿಲ್ಲ. ಎದುರಾಳಿಯ ಹಸಿವು ಪರದೆಯ ಮೇಲೆ ಗೊತ್ತಾಗುವುದಿಲ್ಲ.

ಇನ್ನೊಂದು ನಿಯಮವನ್ನು ಹೊಸಬರು ಚೆನ್ನಾಗಿ ಓದಿಕೊಳ್ಳಬೇಕು. ಕಣ್ಣು ಕಾಣದವರು, ಕೈಯಲ್ಲಿ ಶಕ್ತಿ ಇಲ್ಲದವರು ತಮಗೆ ಬೇಕಾದ ಒಬ್ಬರನ್ನು ಸಹಾಯಕ್ಕೆ ಮರೆಯೊಳಗೆ ಕರೆದುಕೊಂಡು ಹೋಗಬಹುದು. ಯಾರು ಎಂದು ಮತದಾರರೇ ಹೇಳಬೇಕು. ಜೊತೆಗೆ ಹೋದವರು ಅವರು ಹೇಳಿದಂತೆಯೇ ಗುರುತು ಮಾಡುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಬೇಕು. ಒಬ್ಬರಿಗೆ ಸಹಾಯಕ್ಕೆ ಹೋದವರು ಅವತ್ತು ಇನ್ನೊಬ್ಬರಿಗೆ ಹೋಗುವಂತಿಲ್ಲ. ಬನಶಂಕರಿಯ ಒಂದು ಬೂತಿನಲ್ಲಿ ಬಿಳಿ ಅಂಗಿಯ ತರುಣನೊಬ್ಬ ಅಜ್ಜಿಯೊಬ್ಬರನ್ನು ಕೈಹಿಡಿದು ತಂದ. ಮೊಮ್ಮಗನಂತೆ. ಸರಿ. ಅರ್ಧ ಗಂಟೆ ಬಿಟ್ಟು ಇನ್ನೊಬ್ಬ ಅಜ್ಜಿಯ ಜೊತೆ ಬಂದ.

"ಇವರು ಯಾರಪ್ಪ?"

"ಅಜ್ಜಿ ಮೇಡಂ."

"ಆಗ ಬಂದವರು?"

"ಅವರು ಅಮ್ಮನ ಕಡೆ ಅಜ್ಜಿ. ಇವರು ಅಪ್ಪನ ಕಡೆ."

"ಆಟೋದಲ್ಲಿ ಇನ್ನೂ ಒಬ್ಬರು ಕೂತಿದಾರಲ್ಲ, ಅವರು ಯಾರ ಕಡೆ?"

ಅವನು ಉತ್ತರ ಹುಡುಕುತ್ತಿರುವಾಗ ಅಜ್ಜಿಯೇ ಬಾಯಿಬಿಟ್ಟರು. "ನಂಗೆ ಕೈಕಾಲು ಗಟ್ಟಿಯಾಗೇ ಇದೆ ಕಣಮ್ಮ. ಈ ಹುಡುಗ ಯಾರೋ, ಆಟೋ ಪುಕ್ಕಟೆ ಅಂದ, ಹತ್ತಿದೆ." ಅಜ್ಜಿ ಒಬ್ಬರೇ ಒಳಗೆ ಹೋಗಿ, ಪೀಂ ಅನ್ನಿಸಿ ಬಂದರು. ಹೋಗುವಾಗ ಅದೇ ಆಟೋ ಹತ್ತಿ ಹೋದರು.

ಆ ನಿಯಮ ಒಂದು ದಿನ ನನ್ನ ಮನೆಯ ಬಾಗಿಲಿಗೇ ಬರುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ.

ಹನುಮಂತನಗರದ ನಮ್ಮ ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು ನಾಗರಾಜ್ ಮತ್ತು ನಾನು. ಅತ್ತೆಗೆ ತೊಂಬತ್ತರ ಹತ್ತಿರ ವಯಸ್ಸು. ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತಾರೆ. ಕಿವಿ ಮಂದ. ಕೈ ನಡುಗುತ್ತದೆ, ಲೋಟ ಸಹ ಎರಡು ಕೈಯಲ್ಲಿ ಹಿಡಿಯಬೇಕು. ಮೈದುನ ಸತೀಶ ಅಂಜನಾಪುರದಲ್ಲಿದ್ದಾನೆ. ಅಣ್ಣತಮ್ಮ ಇಬ್ಬರದೂ ಬೇರೆ ಬೇರೆ ಪಕ್ಷ. ಮೊದಲೆಲ್ಲ ಭಾನುವಾರ ಊಟಕ್ಕೆ ಕೂತು ಜಗಳವಾಡಿ, ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದರು. ಮೊಬೈಲ್ ಬಂದ ಮೇಲೆ ಜಗಳಕ್ಕೆ ಮಜ್ಜಿಗೆಯ ಘಟ್ಟ ಇಲ್ಲದಂತಾಯಿತು. ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕುಟುಂಬದ ಗ್ರೂಪಿನಲ್ಲಿ ಅದೇ.

ಹೋದ ಚುನಾವಣೆಯ ಹೊತ್ತಿಗೆ ಅದು ವಿಪರೀತಕ್ಕೆ ಹೋಯಿತು. ಕನ್ನಡದ ಗಂಧವೇ ಇಲ್ಲದ ಒಬ್ಬ ನಾಯಕರು ಶುದ್ಧ ಕನ್ನಡದಲ್ಲಿ ಭಾಷಣ ಮಾಡುವ ವಿಡಿಯೋ ಬಂತು. ತುಟಿ, ದನಿ, ಕೈ ಬೀಸು ಎಲ್ಲ ಅವರದೇ. ಅತ್ತೆ ನೋಡಿ, "ಇವನು ನಮ್ಮ ಭಾಷೆ ಯಾವಾಗ ಕಲಿತನೇ? ನಮ್ಮ ಸತೀಶನಿಗಿಂತ ಚೆನ್ನಾಗಿ ಆಡ್ತಾನೆ," ಎಂದರು. ಕಂಪ್ಯೂಟರ್ ಹುಟ್ಟುಹಾಕಿದ್ದು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಇನ್ನೊಂದು ದಿನ ಫೋನಿನಲ್ಲಿ ಒಬ್ಬ ನಾಯಕರ ದನಿ, "ನಮಸ್ಕಾರ ತಾಯಿ, ಹೇಗಿದ್ದೀರಿ?" ಎಂದಿತು. ಅತ್ತೆ, "ಇದೀನಪ್ಪ, ಮಂಡಿ ನೋವು. ನಿನ್ನ ಊಟ ಆಯ್ತಾ?" ಎಂದು ಕೇಳಿದರು. ಅದು ಊಟದ ಮಾತೆತ್ತದೆ ರಸ್ತೆಗಳ ಬಗ್ಗೆ ಹೇಳುತ್ತಾ ಹೋಯಿತು. "ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಇವನು ನಿಜವಾದವನೇ," ಎಂದು ಅತ್ತೆ ತೀರ್ಪು ಕೊಟ್ಟರು.

ಆ ವಿಡಿಯೋ ಹಂಚಿದ್ದು ಸತೀಶ. "ನೀನು ಕಳಿಸೋದೆಲ್ಲ ಸುಳ್ಳು," ಎಂದು ನಮ್ಮವರು ಬರೆದರು. "ನೀನು ಹೋದ ವಾರ ಕಳಿಸಿದ ಫೋಟೋ ಬೇರೆ ದೇಶದ್ದು," ಎಂದು ಅವನು ಬರೆದ. ಇಬ್ಬರ ಮಾತೂ ನಿಜವಾಗಿತ್ತು. ಸತೀಶ ಗ್ರೂಪು ಬಿಟ್ಟ. ಯುಗಾದಿಗೂ ಬರಲಿಲ್ಲ. ಅತ್ತೆ ಒಬ್ಬಟ್ಟನ್ನು ಅರ್ಧ ತಿಂದು ತಟ್ಟೆ ಸರಿಸಿದರು. ಅಷ್ಟು ಹೊತ್ತಿಗೆ ಇಬ್ಬರು ಗಂಡುಮಕ್ಕಳಿಗೂ ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಪಣ ಅಮ್ಮನ ಮತವಾಗಿತ್ತು. ಅಮ್ಮ ನನ್ನ ಕಡೆ ಎಂದು ಇಬ್ಬರೂ ಹೇಳುತ್ತಿದ್ದರು. ಅಮ್ಮನನ್ನು ಇಬ್ಬರೂ ಕೇಳಿರಲಿಲ್ಲ.

ಎಂಬತ್ತೈದು ದಾಟಿದವರು ಮನೆಯಲ್ಲೇ ಮತ ಹಾಕಬಹುದು ಎಂದು ಬಡಾವಣೆಯ ಚುನಾವಣಾ ಸಿಬ್ಬಂದಿ ಬಂದು ತಿಳಿಸಿ, ಅತ್ತೆಯ ಒಪ್ಪಿಗೆ ಬರೆಸಿಕೊಂಡು ಹೋದರು. ಹೇಳಿದ ದಿನ ಬೆಳಿಗ್ಗೆ ಗೇಟಿನ ಮುಂದೆ ವ್ಯಾನ್ ನಿಂತಿತು. ಒಬ್ಬ ಪೊಲೀಸ್, ವಿಡಿಯೋ ತೆಗೆಯುವವರೊಬ್ಬರು, ಇಬ್ಬರು ಅಧಿಕಾರಿಗಳು. ಎದುರುಮನೆಯವರು ಕಾಂಪೌಂಡಿನಿಂದ ಇಣುಕಿ, "ಏನ್ರೀ ಮೇಡಂ, ರೈಡಾ?" ಎಂದು ಮೆಲ್ಲಗೆ ಕೇಳಿದರು. ಅಧಿಕಾರಿ ಮೂವತ್ತು ದಾಟದ ಹೆಣ್ಣುಮಗಳು, ಚೂಡಿದಾರ್, ಬೆನ್ನಿಗೆ ಬ್ಯಾಗು. ಯಾವುದೋ ಬ್ಯಾಂಕಿನಲ್ಲಿ ಕೆಲಸವಂತೆ. ಮಡಿಸಿ ತಂದಿದ್ದ ರಟ್ಟಿನ ಮರೆಯನ್ನು ಬಿಚ್ಚಿ ನಮ್ಮ ಊಟದ ಮೇಜಿನ ಮೇಲೆ ನಿಲ್ಲಿಸಿದಳು. ಉಪ್ಪಿನಕಾಯಿ ಜಾಡಿ ಪಕ್ಕಕ್ಕೆ ಹೋಯಿತು.

ಎಷ್ಟು ಊರಿನ ಶಾಲೆಗಳಿಗೆ ನಾನು ಮತಗಟ್ಟೆಯನ್ನು ಹುಡುಕಿಕೊಂಡು ಹೋಗಿದ್ದೆ. ಅವತ್ತು ಅದು ಒಬ್ಬ ಮುದುಕಿಯನ್ನು ಹುಡುಕಿಕೊಂಡು, ರಸ್ತೆಯ ಗುಂಡಿ ದಾಟಿ, ನಮ್ಮ ಹೊಸ್ತಿಲು ಮೆಟ್ಟಿತ್ತು. ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಈ ದೇಶದ ರಾಜಕೀಯವನ್ನು ಬೈಯಲು ಕಾರಣ ಬೇಕಾದಷ್ಟಿದೆ, ನಾನೂ ದಿನಾ ಬೈಯುತ್ತೇನೆ. ಆದರೆ ಅವತ್ತು ಹೋಗಿ ಆ ರಟ್ಟಿನ ಸುತ್ತ ಮೇಜನ್ನು ಇನ್ನೊಮ್ಮೆ ಒರೆಸಿದೆ.

ಸತೀಶನೂ ಬಂದಿದ್ದ. ಮೆಟ್ರೋ ಇಳಿದು, ಆಟೋ ಹಿಡಿದು, ಅಣ್ಣನ ಕಡೆ ನೋಡದೆ ಒಳಗೆ ಬಂದು ಅತ್ತೆಯ ಪಕ್ಕ ಕುಳಿತಿದ್ದ. ಅಧಿಕಾರಿ ಅತ್ತೆಯ ಗುರುತುಚೀಟಿ ನೋಡಿ, ಬಾಗಿ ಗಟ್ಟಿಯಾಗಿ ಕೇಳಿದಳು.

"ಅಜ್ಜಿ, ನೀವೇ ಗುರುತು ಹಾಕ್ತೀರಾ?"

ಅತ್ತೆ ನಡುಗುವ ಕೈಯನ್ನು ಎತ್ತಿ ತೋರಿಸಿದರು. "ಈ ಕೈಯಲ್ಲಿ ರಂಗೋಲಿನೇ ಬಿಡಕ್ಕಾಗಲ್ಲ ಮಗು. ಬಟನ್ ಇಲ್ವಾ? ಪೀಂ ಅನ್ನಲ್ವಾ?"

"ಮನೇಲಿ ಪೇಪರೇ ಅಜ್ಜಿ. ಪೆನ್ನಲ್ಲಿ ಗುರುತು ಹಾಕ್ಬೇಕು."

"ಮತ್ತೆ ಹಿಂದಕ್ಕೇ ಬಂದ್ವಾ! ಸರಿ ಬಿಡು, ಪೇಪರೇ ಒಳ್ಳೇದು."

"ನಿಮ್ಮ ಪರವಾಗಿ ಗುರುತು ಹಾಕೋಕೆ ಒಬ್ಬರನ್ನ ಕರ್ಕೋಬಹುದು. ಯಾರು ಬೇಕು?"

ಗಂಡುಮಕ್ಕಳಿಬ್ಬರೂ ಒಟ್ಟಿಗೆ ಎದ್ದರು.

"ನಾನು ಹಿರೀಮಗ," ಎಂದರು ನಮ್ಮವರು.

"ಅಮ್ಮನ್ನ ಕೇಳ್ತಿರೋದು, ವಯಸ್ಸನ್ನಲ್ಲ," ಎಂದ ಸತೀಶ.

"ನೀನು ಬಂದಿದ್ದೇ ಇದಕ್ಕೆ ಅಂತ ಗೊತ್ತಿಲ್ವಾ? ಹಬ್ಬಕ್ಕೆ ದಾರಿ ಗೊತ್ತಿರಲಿಲ್ಲ, ಓಟಿಗೆ ಗೊತ್ತಾಯ್ತು."

"ಅಂಕಲ್, ಇಬ್ಬರೂ ಸ್ವಲ್ಪ ಸುಮ್ನಿರಿ," ಎಂದಳು ಅಧಿಕಾರಿ. ದನಿ ಏರಿಸಲಿಲ್ಲ. ಆದರೆ ಇಬ್ಬರೂ ಬಾಯಿ ಮುಚ್ಚಿದರು. "ಅಜ್ಜಿ ಹೇಳಲಿ."

ಅತ್ತೆಗೆ ಅಷ್ಟೂ ಕೇಳಿಸಿತ್ತೋ ಇಲ್ಲವೋ. ಒಬ್ಬೊಬ್ಬ ಮಗನ ಮುಖವನ್ನೂ ನೋಡಿದರು. ಆಮೇಲೆ ನಾನು ನಿಂತಿದ್ದ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು.

"ವನಜಾ, ಕೈ ಒರೆಸ್ಕೊಂಡು ಬಾ."

"ಅಮ್ಮ, ಅವಳಾ?" ಎಂದರು ನಮ್ಮವರು. ಮೂವತ್ತು ಚಿಲ್ಲರೆ ವರ್ಷ ಚುನಾವಣೆ ನಡೆಸಿದ ನನ್ನನ್ನು ಕಟ್ಟಿಕೊಂಡವರು ಹೇಳಿದ ಮಾತು ಅದು!

"ಅವಳೇ. ನೀವಿಬ್ಬರೂ ಬರೀ ಮಾತಾಡ್ತೀರ. ಅವಳು ಹೇಳಿದ ಕೆಲಸ ಮಾಡ್ತಾಳೆ."

ಅಧಿಕಾರಿ ಒಂದು ಹಾಳೆ ಕೊಟ್ಟು, ಮೇಡಂ ಇದನ್ನ ಓದಿ ಸಹಿ ಮಾಡಿ ಎಂದಳು. ಎಷ್ಟೋ ಜನರ ಕೈಯಲ್ಲಿ ಸಹಿ ಹಾಕಿಸಿದ ಹಾಳೆ. ನನಗೆ ಬಾಯಿಪಾಠ. ಆದರೂ ಅಕ್ಷರ ಅಕ್ಷರವಾಗಿ ಓದಿದೆ. ಮತದಾರರು ಹೇಳಿದಂತೆಯೇ ಗುರುತು ಹಾಕುತ್ತೇನೆ, ಯಾರಿಗೂ ತಿಳಿಸುವುದಿಲ್ಲ. ಇಷ್ಟು ವರ್ಷ ನಾನು ಕಾಪಾಡಿದ್ದು ನನಗೇ ಗೊತ್ತಿಲ್ಲದ ಗುಟ್ಟುಗಳನ್ನು. ಗೊತ್ತಿಲ್ಲದ್ದನ್ನು ಕಾಪಾಡುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಮರೆ ನೆಟ್ಟಗಿದ್ದರೆ ಸಾಕು. ಗೊತ್ತಾಗುವುದು ಇದೇ ಮೊದಲು. ಕೆಳಗೆ ಸಹಿ ಹಾಕಿದೆ.

ಗಂಡಸರಿಬ್ಬರನ್ನೂ ಅಧಿಕಾರಿ ವರಾಂಡಕ್ಕೆ ಕಳಿಸಿದಳು. ಕ್ಯಾಮೆರಾ ನಮ್ಮ ಬೆನ್ನಿಗಷ್ಟೇ ಇರಲಿ ಎಂದು ದೂರ ನಿಲ್ಲಿಸಿದಳು. ನಾನು ಅತ್ತೆಯನ್ನು ಮೇಜಿಗೆ ಕರೆತಂದೆ.

ಈಗ ಒಂದು ತೊಡಕು. ಅತ್ತೆಗೆ ಕಿವಿ ಮಂದವಾದ್ದರಿಂದ ಅವರ ಪಿಸುಮಾತೂ ಪಕ್ಕದ ಮನೆಗೆ ಕೇಳುತ್ತದೆ. ಬಾಯಿ ಬಿಟ್ಟರೆ ಮರೆ ಇದ್ದೂ ಇಲ್ಲದಂತೆ. ನಾನು ತುಟಿಯ ಮೇಲೆ ಬೆರಳಿಟ್ಟೆ. ಅತ್ತೆಯ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿದೆ. ಅವರ ಕೈಯನ್ನು ನನ್ನ ಮಣಿಕಟ್ಟಿನ ಮೇಲೆ ಇರಿಸಿಕೊಂಡು, ಮತಪತ್ರದ ಮೊದಲ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಹೆಸರಿಗೆ ನಿಧಾನವಾಗಿ ಕೆಳಗೆ ಜಾರಿಸಿದೆ. ಒಂದು ಹೆಸರಿಗೆ ಬಂದಾಗ ಅತ್ತೆ ಮಣಿಕಟ್ಟನ್ನು ಒತ್ತಿದರು.

ಕೈ ನಡುಗಿದ್ದೋ, ಒತ್ತಿದ್ದೋ? ಖಾತ್ರಿಯಾಗಬೇಕಲ್ಲ. ಮತ್ತೆ ಮೇಲಿನಿಂದ ಶುರು ಮಾಡಿದೆ. ಅದೇ ಹೆಸರಿಗೆ ಬಂದಾಗ ಮತ್ತೆ ಒತ್ತಿದರು. ಮೂರನೆಯ ಸಲಕ್ಕೆ ಬೆರಳು ಮೇಲೆ ಹೋದಾಗ ಅತ್ತೆ ಸರಿಯಾಗಿ ಚಿವುಟಿದರು.

"ಎಷ್ಟು ಸಲ ಕೇಳ್ತೀಯೇ? ಹಾಕು!"

ವರಾಂಡದಲ್ಲಿ ಕುರ್ಚಿ ಕಿರುಗುಟ್ಟಿತು.

ಗುರುತು ಹಾಕಿದೆ. ನನ್ನ ಮನಸ್ಸಿನಲ್ಲಿದ್ದ ಹೆಸರು ಅದೇ ಆಗಿತ್ತೋ, ಬೇರೆ ಆಗಿತ್ತೋ ಎಂಬುದನ್ನೂ ಇಲ್ಲಿ ಹೇಳುವಂತಿಲ್ಲ. ನನ್ನನ್ನು ಬಲ್ಲವರು ಅಷ್ಟರಿಂದಲೇ ಲೆಕ್ಕ ಹಾಕಿಬಿಡುತ್ತಾರೆ. ಇಷ್ಟು ಮಾತ್ರ ಹೇಳಬಹುದು. ಪೆನ್ನು ನನ್ನ ಕೈಯಲ್ಲಿತ್ತು, ನೋಡುವವರು ಯಾರೂ ಇರಲಿಲ್ಲ, ಅತ್ತೆ ಆಗಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೊಬ್ಬರು ನಂಬಿ ಕೊಟ್ಟ ಮತ ಎಷ್ಟು ಭಾರ ಇರುತ್ತದೆ ಎಂದು ನನಗೆ ಆ ಕ್ಷಣದಲ್ಲಿ ತಿಳಿದಷ್ಟು ಯಾವ ತರಬೇತಿಯಲ್ಲೂ ತಿಳಿದಿರಲಿಲ್ಲ. ಕನ್ನಡಕ ಮತ್ತೆ ಹಾಕಿಸಿ, ಗುರುತನ್ನು ಅವರಿಗೆ ತೋರಿಸಿದೆ. ತಲೆಯಾಡಿಸಿದರು. ಕಾಗದ ಮಡಿಸಿ, ಲಕೋಟೆಯೊಳಗೆ ಇಟ್ಟು, ಅಂಟು ಹಚ್ಚಿ, ಅದನ್ನು ಇನ್ನೊಂದು ಲಕೋಟೆಯೊಳಗೆ ಇಟ್ಟು ಮುಚ್ಚಿದೆವು. ಅಧಿಕಾರಿ ತೆಗೆದುಕೊಂಡು ಪೆಟ್ಟಿಗೆಗೆ ಹಾಕಿದಳು. ಕಾಫಿ ಕುಡಿದು ಹೋಗಮ್ಮ ಎಂದೆ. "ಬೇಡ ಮೇಡಂ, ಡ್ಯೂಟಿಲಿ ಕುಡಿಯೋ ಹಾಗಿಲ್ಲ," ಎಂದಳು. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಳ್ಳಲಿಲ್ಲ. ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ.

ಒಳಗೆ ಬರುವಷ್ಟರಲ್ಲಿ ನಮ್ಮವರು ಅತ್ತೆಯ ಕುರ್ಚಿಯ ಹಿಡಿ ಹಿಡಿದು ಬಗ್ಗಿದ್ದರು. ಸತೀಶ ಹಿತ್ತಲಿನಲ್ಲಿ ನಲ್ಲಿಯನ್ನು ಭೋರೆಂದು ಬಿಟ್ಟುಕೊಂಡು ಮುಖ ತೊಳೆಯುತ್ತಿದ್ದ.

"ಅಮ್ಮ, ಯಾರಿಗೆ ಹಾಕ್ದೆ? ನಂಗೊಬ್ಬನಿಗೆ ಹೇಳು."

ಅತ್ತೆ ಮಗನ ಕೆನ್ನೆ ಸವರಿದರು. "ನಿನ್ನ ಮಾತು ಯಾವತ್ತಾದ್ರೂ ಮೀರಿದೀನೇನೋ ನಾಗೂ?"

ನಮ್ಮವರು ಗೆದ್ದವರಂತೆ ಎದೆಯುಬ್ಬಿಸಿ ಸ್ನಾನಕ್ಕೆ ಹೋದರು. ಸತೀಶ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದ. ಬಚ್ಚಲಲ್ಲಿ ಅಣ್ಣ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿಕೊಂಡು ಅದೇ ಕುರ್ಚಿಯ ಮುಂದೆ ಕುಳಿತ.

"ಅಮ್ಮ, ನಿಜ ಹೇಳು. ಯಾರಿಗೆ?"

"ನಿನ್ನ ಮಾತು ಯಾವತ್ತಾದ್ರೂ ಮೀರಿದೀನೇನೋ ಸತೀಶ?"

ಮಧ್ಯಾಹ್ನ ಅಣ್ಣತಮ್ಮ ಇಬ್ಬರೂ ಅದೇ ಮೇಜಿಗೆ ಊಟಕ್ಕೆ ಕುಳಿತರು. ಗೆದ್ದವನು ಉದಾರಿಯಾಗುತ್ತಾನೆ. ಇಲ್ಲಿ ಇಬ್ಬರೂ ಗೆದ್ದಿದ್ದರು. "ಇನ್ನೊಂದು ಹಪ್ಪಳ ಹಾಕ್ಕೊಳೋ," ಎಂದರು ನಮ್ಮವರು. "ಸಾಕು, ನೀನು ತಗೋ," ಎಂದ ಸತೀಶ. ಸತೀಶ ಗ್ರೂಪು ಬಿಟ್ಟ ಮೇಲೆ ಅವರು ಜಗಳವಿಲ್ಲದೆ ಆಡಿಕೊಂಡ ಮೊದಲ ಮಾತುಗಳು ಅವು.

ಕೈ ತೊಳೆದುಕೊಂಡು ನಮ್ಮವರು ಅಡುಗೆಮನೆಗೆ ಬಂದು ನನ್ನನ್ನೂ ಕೆಣಕಿದರು. ನಾನು ಪಾತ್ರೆ ಎತ್ತಿಡುತ್ತಾ ಹೋದೆ. ಅವರು ಹೋದ ಮೇಲೆ ಅತ್ತೆಗೆ ಮಜ್ಜಿಗೆಯ ಲೋಟ ಕೊಡಲು ಹೋಗಿ, ಎದುರಿಗೆ ನಿಂತು ಅವರ ಮುಖವನ್ನೇ ನೋಡಿದೆ. ಒಂದೇ ಉತ್ತರವನ್ನು ಇಬ್ಬರಿಗೂ ಹಂಚಿ ಕೂತಿದ್ದ ಆ ಮುಖದಲ್ಲಿ ಒಂದು ಸುಕ್ಕೂ ಅಲುಗಿರಲಿಲ್ಲ.

ಅತ್ತೆ ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದು ಗುಟುಕು ಕುಡಿದು, ತಮ್ಮ ಪಿಸುದನಿಯಲ್ಲಿ, ಅಂದರೆ ಇಡೀ ಮನೆಗೆ ಕೇಳುವಂತೆ, ಹೇಳಿದರು.

"ನನ್ನನ್ನೇನೇ ನೋಡ್ತೀಯ? ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿರೋಳು ನೀನು. ನಾನಲ್ಲ."